ಏಳು ಕ್ಯಾಂಪಸ್, ನಾಲ್ಕು ದಿನ, ಒಂದು ಕಾರು

ನಮ್ಮ ಬಳಗದ ಗುಂಪಿಗೆ ಸಾಮಾನ್ಯವಾಗಿ ಬರುವುದು ಶುಭೋದಯದ ಗುಲಾಬಿ, ಇಲ್ಲವೇ ಸಕ್ಕರೆ ಕಾಯಿಲೆಗೆ ಮೆಂತ್ಯದ ಮದ್ದು. ಕಳೆದ ಭಾನುವಾರ ಚಿಕ್ಕಪ್ಪ ಒಂದು ಚಾರ್ಟ್ ಹಾಕಿದರು. ನಾನು ದ್ವಿತೀಯ ಪಿಯುಸಿ, ಪಿಸಿಎಂಬಿ. ಜಗಳ ನನ್ನ ಕುರಿತೇ ಆದದ್ದರಿಂದ ಅಳಿಸದೆ ಇಟ್ಟುಕೊಂಡಿದ್ದೇನೆ.

ಚಿಕ್ಕಪ್ಪ: ದಸರಾ ರಜೆಯ ಕ್ಯಾಂಪಸ್ ಯಾತ್ರೆ. 1ನೇ ದಿನ: ಬೆಳಗ್ಗೆ 5ಕ್ಕೆ ಮೈಸೂರು ಬಿಡುವುದು, ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಶಿರಾಡಿ ಇಳಿದು ಸುರತ್ಕಲ್ ಎನ್‌ಐಟಿ. 2ನೇ ದಿನ: ಮಣಿಪಾಲ, ಮುರ್ಡೇಶ್ವರದಲ್ಲಿ ಊಟ, ಅಂಕೋಲಾ–ಯಲ್ಲಾಪುರದ ಮೇಲೆ ಹುಬ್ಬಳ್ಳಿ, ಅಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. 3ನೇ ದಿನ: ಧಾರವಾಡದಲ್ಲಿ ಐಐಟಿ, ಕರ್ನಾಟಕ ವಿವಿ, ಕೃಷಿ ವಿವಿ. 4ನೇ ದಿನ: ದಾವಣಗೆರೆಯಲ್ಲಿ ಬೆಣ್ಣೆದೋಸೆ, ವಾಪಸ್. ಎಲ್ಲರೂ ಒಪ್ಪಿಗೆ ತಿಳಿಸಿ.

ಅಮ್ಮ: ಬೆಳಗ್ಗೆ 5ಕ್ಕೆ ಹೊರಡಬೇಕಾದರೆ ಬುತ್ತಿ ಕಟ್ಟುವವರು 3ಕ್ಕೆ ಏಳಬೇಕು. ಅದು ಚಾರ್ಟ್‌ನಲ್ಲಿ ಕಾಣಲಿಲ್ಲ.

ಅಪ್ಪ: ಕೂಸು ಹುಟ್ಟುವ ಮುಂಚೆ ಕುಲಾವಿ. ಮೊದಲು ರ‍್ಯಾಂಕ್ ಬರಲಿ. ಸೀಟು ಕೊಡುವುದು ರ‍್ಯಾಂಕ್, ನಾವು ಗೇಟಿನ ಮುಂದೆ ನಿಂತ ಫೋಟೋ ಅಲ್ಲ.

ನಾನು: ಅಪ್ಪ, ರ‍್ಯಾಂಕ್ ಬಂದ ಮೇಲೆ ಆಯ್ಕೆಪಟ್ಟಿ ತುಂಬುವುದು ನಾವೇ. ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂದು ಬರೆಯುವುದೂ ನಾವೇ. ಪಟ್ಟಿಯ ಮೇಲಿನಿಂದ ನೋಡುತ್ತಾ ಬಂದು, ನನ್ನ ರ‍್ಯಾಂಕಿಗೆ ಮೊದಲು ಎಲ್ಲಿ ಸೀಟು ಉಳಿದಿದೆಯೋ ಅದನ್ನು ಕೊಡುತ್ತಾರೆ. ನೋಡದ ಊರನ್ನು ಮೂರನೆಯದೋ ಹದಿಮೂರನೆಯದೋ ಎಂದು ಹೇಗೆ ಬರೆಯಲಿ?

ಚಿಕ್ಕಪ್ಪ: ಹೇಳು ಮಗಳೇ, ಹೇಳು.

ನಾನು: ಆದರೆ ಚಿಕ್ಕಪ್ಪ, ನಾನು ಬರೆಯುತ್ತಿರುವುದು ಸಿಇಟಿ ಒಂದನ್ನೇ. ಸುರತ್ಕಲ್‌ಗೆ ಜೆಇಇ ಮೇನ್ ಬೇಕು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದೆ, ನಿಜ, ಆದರೆ ಪರೀಕ್ಷೆ ಬರೆದವರಿಗೆ. ಐಐಟಿಗೆ ಜೆಇಇ ಅಡ್ವಾನ್ಸ್ಡ್ ಬೇಕು, ಅಲ್ಲಿ ರಾಜ್ಯದ ಪಾಲು ಎಂಬುದೇ ಇಲ್ಲ. ಮಣಿಪಾಲಕ್ಕೆ ಅವರದೇ ಪ್ರವೇಶ ಪರೀಕ್ಷೆ. ನಿಮ್ಮ ಏಳರಲ್ಲಿ ಮೂರು ನನ್ನ ಪಾಲಿಗೆ ಸಮುದ್ರಸ್ನಾನ ಅಷ್ಟೇ.

ಚಿಕ್ಕಪ್ಪ: ಸುರತ್ಕಲ್‌ನಲ್ಲಿ ಕಾಲೇಜಿನ ಪಕ್ಕದಲ್ಲೇ ಕಡಲು, ದೀಪಸ್ತಂಭ. ನೋಡಿದರೆ ಸ್ಫೂರ್ತಿ ಬರುತ್ತದೆ.

ಅಕ್ಕ (ದೊಡ್ಡಪ್ಪನ ಮಗಳು): ಮೈಸೂರಿನಿಂದ ಹಾಸನ ನೋಡಿಕೊಂಡು ಹೊರಟರೆ ಸುರತ್ಕಲ್ ಮುಟ್ಟುವಾಗ ಕತ್ತಲು. ದೀಪ ಕಾಣುತ್ತದೆ, ಸ್ತಂಭ ಕಾಣುವುದಿಲ್ಲ. ಅದಿರಲಿ, ಮೂರನೆಯ ದಿನ ಯಾವುದು ಎಂದು ಪಂಚಾಂಗ ತೆಗೆದು ನೋಡಿದಿರಾ? ಆಯುಧಪೂಜೆ. ಧಾರವಾಡದ ಮೂರೂ ಕಡೆ ಬೀಗಕ್ಕೆ ಕುಂಕುಮ ಹಚ್ಚಿರುತ್ತಾರೆ, ನೀವು ಅದಕ್ಕೆ ಕೈಮುಗಿದು ಬರಬೇಕು.

ಚಿಕ್ಕಪ್ಪ: ಕಾರಿಗೆ ಅಲ್ಲೇ ಪೂಜೆ ಮಾಡಿದರಾಯಿತು.

ದೊಡ್ಡಪ್ಪ: ಕರ್ನಾಟಕ ವಿಶ್ವವಿದ್ಯಾಲಯವನ್ನು ಮಾತ್ರ ಬಿಡಬೇಡಿ. 1949ರಲ್ಲಿ ಮುಂಬೈಯಲ್ಲಿ ಶುರುವಾದದ್ದು, 1950ರಲ್ಲಿ ಧಾರವಾಡಕ್ಕೆ ಬಂತು. ಪಾವಟೆಯವರು ಕುಲಪತಿಯಾಗಿದ್ದ ಕಾಲದಲ್ಲಿ ಬೆಳೆದ ಸಂಸ್ಥೆ. ನಾನು ಎಂ.ಎ. ಓದಿದ ಜಾಗ.

ಅಕ್ಕ: ಅಪ್ಪಾ, ಅವಳು ಇನ್ನೂ ಪಿಯುಸಿ. ಅದು ನಿಮ್ಮ ಯಾತ್ರೆ, ಅವಳದ್ದಲ್ಲ.

ದೊಡ್ಡಪ್ಪ ಆಮೇಲೆ ಒಂದು ಗಂಟೆ ಏನೂ ಬರೆಯಲಿಲ್ಲ. ಅಕ್ಕ ಮಾತ್ರ ಉದ್ದಕ್ಕೆ ಬರೆದಳು.

ಅಕ್ಕ: ನಾನು ಮಾಡಿದ ತಪ್ಪನ್ನು ಇವಳು ಮಾಡುವುದು ಬೇಡ. ನನ್ನ ಕಾಲೇಜಿನ ಹೆಸರು ಇಲ್ಲಿ ಬೇಡ. ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಅವರೇ ಕರೆದ ದಿನ. ಗೇಟಿನಿಂದ ಸಭಾಂಗಣದವರೆಗೆ ಚೆಂಡುಹೂವಿನ ಕುಂಡಗಳು. ಪ್ರಯೋಗಾಲಯದಲ್ಲಿ ಮೂವತ್ತು ಕಂಪ್ಯೂಟರ್‌ಗಳಿದ್ದವು. ಒಂದರ ಕೀಲಿಮಣೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು. ನಾನು ಉಗುರಿನಿಂದ ಕಿತ್ತೆ, ಅಪ್ಪ ಗದರಿದರು. ಸೇರಿದ ಮೇಲೆ ಗೊತ್ತಾಯಿತು, ಆ ಕೋಣೆ ತೆರೆಯುವುದೇ ನೆಂಟರು ಬಂದಾಗ. ಕೊನೆಯ ಬಸ್ಸು ಸಂಜೆ ಆರೂವರೆಗೆ, ನಮ್ಮ ತರಗತಿ ಮುಗಿಯುವುದು ಆರೂಮುಕ್ಕಾಲಿಗೆ. ಆದ್ದರಿಂದ ನೋಡುವುದಾದರೆ ವಾರದ ನಡುವಿನ ಒಂದು ದಿನ, ಹೇಳದೆ ಕೇಳದೆ ಹೋಗಬೇಕು. ಹಾಸ್ಟೆಲ್ ಹುಡುಗಿಯರ ಜೊತೆ ಮೆಸ್ಸಿನಲ್ಲಿ ಒಂದು ಹೊತ್ತು ಕೂರಬೇಕು. ರಾತ್ರಿ ಹುಷಾರು ತಪ್ಪಿದರೆ ಯಾರು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಕೇಳಬೇಕು. ಪ್ರಾಂಶುಪಾಲರ ಕೋಣೆಯ ಕಾಫಿ ಕುಡಿಯಬೇಡಿ, ಕುಡಿದವರು ಪ್ರಶ್ನೆ ಕೇಳುವುದಿಲ್ಲ.

ಅಮ್ಮ: ಇದು ಸರಿ.

ಚಿಕ್ಕಪ್ಪ: ಹಾಗಾದರೆ ಅವಳಿಗೆ ಏನು ಬೇಕಂತೆ?

ನಾನು: ಅರಣ್ಯಶಾಸ್ತ್ರ. ಶಿರಸಿಯ ಅರಣ್ಯ ಮಹಾವಿದ್ಯಾಲಯ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಸೀಟು ಸಿಇಟಿಯಿಂದಲೇ. ಕುಮಟಾದಿಂದ ದೇವಿಮನೆ ಘಾಟಿ ಹತ್ತಿದರೆ ಶಿರಸಿ. ನಿಮ್ಮ ಕಾರು ಅದನ್ನು ಬದಿಗೆ ಬಿಟ್ಟು ಅಂಕೋಲೆಗೆ ಹೋಗುತ್ತದೆ.

ಚಿಕ್ಕಪ್ಪ: ಗಿಡ ನೆಡುವುದಕ್ಕೆ ನಾಲ್ಕು ವರ್ಷದ ಪದವಿಯೇ!

ಅಪ್ಪ: ವಲಯ ಅರಣ್ಯಾಧಿಕಾರಿ ಹುದ್ದೆಯಲ್ಲಿ ಆ ಪದವೀಧರರಿಗೆ ಮೀಸಲು ಪಾಲಿದೆ. ಆ ಪಾಲು ಕಡಿಮೆಯಾಗಬಾರದೆಂದು ಹುಡುಗರು ಮುಷ್ಕರ ಕೂತದ್ದೂ ಉಂಟು. ಪತ್ರಿಕೆ ಓದು. ಕುಲಾವಿ ಮಾತು ವಾಪಸ್ ತೆಗೆದುಕೊಂಡೆ ಎಂದು ಯಾರೂ ತಿಳಿಯಬೇಡಿ.

ಅಮ್ಮ: ಶಿರಸಿ ದೂರವಾಯಿತು. ಅಡಿಕೆ ಊರು, ಮಳೆ ಬೇರೆ. ಹತ್ತಿರದಲ್ಲಿ ಇಲ್ಲವೇ?

ನಾನು: ಇದೆ. ಪೊನ್ನಂಪೇಟೆ. ಅದು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ, ಕೋರ್ಸು ಅದೇ.

ಅಕ್ಕ: ಅಂದರೆ ಹುಣಸೂರು, ಗೋಣಿಕೊಪ್ಪ, ಅಲ್ಲಿಂದ ಒಂದು ಹೆಜ್ಜೆ! ಬೆಳಗ್ಗೆ ತಿಂಡಿ ಮುಗಿಸಿ ಹೊರಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಇಷ್ಟಕ್ಕೆ ನಾವು ದಾವಣಗೆರೆಯ ಬೆಣ್ಣೆದೋಸೆಯವರೆಗೆ ಹೋಗಿದ್ದೆವೇ?

ನಾನು: ಮೊದಲು ಪೊನ್ನಂಪೇಟೆ, ರಜೆ ಮುಗಿದ ಮೇಲೆ ಒಂದು ಬುಧವಾರ. ಇಷ್ಟವಾದರೆ ಆಮೇಲೆ ಶಿರಸಿ, ಅಲ್ಲಿ ಒಂದು ರಾತ್ರಿ. ಎರಡನ್ನೂ ನೋಡಿದ ಮೇಲೆ ಯಾವುದು ಮೇಲೆ ಎಂದು ಬರೆಯುತ್ತೇನೆ.

ದೊಡ್ಡಪ್ಪ: ಶಿರಸಿಯಿಂದ ಹುಬ್ಬಳ್ಳಿಗೆ ದಾರಿ ಚೆನ್ನಾಗಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅರ್ಧ ಗಂಟೆ. ಸುಮ್ಮನೆ ಹೇಳಿದೆ.

ಚಿಕ್ಕಪ್ಪ: ರಜೆಯಿಲ್ಲದ ಬುಧವಾರ ಕಾರು ಓಡಿಸುವವರು ಯಾರು? ಕಚೇರಿಗೆ ನಿಮ್ಮ ಅಜ್ಜ ಹೋಗುತ್ತಾರೆಯೇ?

ಅಪ್ಪ: ಗೋಣಿಕೊಪ್ಪಕ್ಕೆ ಸರ್ಕಾರಿ ಬಸ್ಸು ಇದೆ. ನಾನು, ಅವಳು, ಅವಳ ಅಮ್ಮ ಹೋಗಿ ಬರುತ್ತೇವೆ. ದಿನಾ ಓದುವ ಮಕ್ಕಳು ಬರುವುದೂ ಅದರಲ್ಲೇ, ಅದನ್ನೂ ನೋಡಿದ ಹಾಗಾಯಿತು.

ಅಜ್ಜಿ: ಪೊನ್ನಂಪೇಟೆಯಿಂದ ತಲಕಾವೇರಿ ಎಷ್ಟು ದೂರ? ತುಲಾ ಸಂಕ್ರಮಣಕ್ಕೆ ಹೋಗಬೇಕೆಂದು ನಾನು ಹೇಳುತ್ತಲೇ ಇದ್ದೇನೆ. ಬಸ್ಸಿನಲ್ಲಿ ನನಗೆ ಆಗುವುದಿಲ್ಲ. ಕಾರಿನಲ್ಲಿ ಮುಂದಿನ ಸೀಟು ಬೇಕು.

ಚಿಕ್ಕಪ್ಪ: ಅಮ್ಮ ಹೇಳಿದ ಮೇಲೆ ಮುಗಿಯಿತು. ರಜೆ ಹಾಕುತ್ತೇನೆ. ಹೊಸ ಚಾರ್ಟ್ ಸಿದ್ಧವಾಗುತ್ತಿದೆ. 1ನೇ ದಿನ: ಬೆಳಗ್ಗೆ 5ಕ್ಕೆ ಮೈಸೂರು ಬಿಡುವುದು, ಪೊನ್ನಂಪೇಟೆ, ಭಾಗಮಂಡಲ, ತಲಕಾವೇರಿ, ಬರುವಾಗ ದುಬಾರೆಯ ಆನೆ.

ಅಮ್ಮ ಗುಂಪನ್ನು ಮ್ಯೂಟ್ ಮಾಡಿದ್ದು ನನಗೆ ಪಕ್ಕದ ಕೋಣೆಯಿಂದಲೇ ಕಾಣಿಸಿತು.