ದಪ್ಪಾಕ್ಷರದ ಸೀಟು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕಂಗ್ಲಿಷ್ ಬರೆದರೆ ದೊಡ್ಡಪ್ಪ ತಿದ್ದಿ ವಾಪಸು ಕಳಿಸುತ್ತಾರೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. ಹಾಗಾಗಿ ಇಲ್ಲಿ ಜಗಳವಾದರೂ ಪೂರ್ಣವಿರಾಮ ಇಟ್ಟೇ ಆಗುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ನಡೆದದ್ದನ್ನು, ನಡುನಡುವೆ ಬಂದ ಶುಭೋದಯದ ಹೂಗಳನ್ನು ತೆಗೆದು, ಇಲ್ಲಿ ಇಟ್ಟಿದ್ದೇನೆ.

ಅತ್ತೆ (ಫಾರ್ವರ್ಡ್): ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ಮಕ್ಕಳೇ, ಗಮನಿಸಿ! ದೇಶ ವಿದೇಶಗಳ ಕ್ರೈಸ್ತ ಮೆಡಿಕಲ್ ಕಾಲೇಜುಗಳಲ್ಲಿ ನಿಮಗೆ ಪ್ರತ್ಯೇಕ ಸೀಟುಗಳಿವೆ. ಅರ್ಜಿಯಲ್ಲಿ ಶಾಲೆಯ ಹೆಸರನ್ನು ದಪ್ಪಾಕ್ಷರದಲ್ಲಿ ಬರೆಯಿರಿ. ಚರ್ಚಿಗೆ ಹೋಗುವುದಾಗಿಯೂ ತಿಳಿಸಿ. ಹತ್ತು ಜನರಿಗೆ ಕಳಿಸಿ.

ಅತ್ತೆ: ಶಿಕಾಗೊದ ಪುಟ್ಟಿ ಈ ವರ್ಷ ಅರ್ಜಿ ಹಾಕುತ್ತಿದ್ದಾಳಲ್ಲ, ಅವಳು ಓದಿದ್ದು ಇಂಥದ್ದೇ ಶಾಲೆಯಲ್ಲಲ್ಲವೇ? ಅವಳಿಗಾಗಿ ಕಳಿಸಿದ್ದೇನೆ.

ವಕೀಲ ಭಾವ: ಅತ್ತೆಯವರೇ, ಇದನ್ನು ಹೊರಡಿಸಿದವರು ಯಾರು, ಯಾವ ಆದೇಶ, ಯಾವ ದಿನಾಂಕ ಎಂಬ ಮೂರನ್ನು ತಿಳಿಸಿದರೆ ಮುಂದೆ ಮಾತನಾಡಬಹುದು.

ಅತ್ತೆ: ನಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಡಾಕ್ಟರೊಬ್ಬರ ಹೆಂಡತಿಯೇ ಹಾಕಿದ್ದು. ಅವರಿಗಿಂತ ನಿಮಗೆ ಹೆಚ್ಚು ಗೊತ್ತಿರಬೇಕು, ಬಿಡಿ.

ದೊಡ್ಡಪ್ಪ: ಮೊದಲನೆಯದಾಗಿ, ಅದು ದಪ್ಪಾಕ್ಷರವಲ್ಲ, ದಪ್ಪಕ್ಷರ. ದಪ್ಪ ಎಂಬುದು ಕನ್ನಡದ ಮಾತು, ಅದಕ್ಕೆ ಸವರ್ಣದೀರ್ಘ ಹತ್ತುವುದಿಲ್ಲ. ಎರಡನೆಯದಾಗಿ, ಓದಿಸಿದ ಶಾಲೆಯನ್ನು ಸೀಟಿಗಾಗಿ ನೆನೆಯುವುದು ಕೃತಜ್ಞತೆಯಲ್ಲ, ವ್ಯಾಪಾರ. ಚರ್ಚಿಗೆ ಹೋಗದವರು ಹೋಗುತ್ತೇವೆಂದು ಬರೆದರೆ ಅವರ ದೇವರಿಗೂ ಮೋಸ, ನಮ್ಮ ದೇವರಿಗೂ ಮೋಸ.

ಅತ್ತೆ: ಅಣ್ಣ, ಕೃತಜ್ಞತೆಯ ಮಾತು ನಿನ್ನ ಬಾಯಲ್ಲಿ ಸಲೀಸಾಗಿ ಬರುತ್ತದೆ, ಏಕೆಂದರೆ ಫಾದರ್‌ಗಳ ಶಾಲೆಗೆ ಹೋದವರು ನೀನು ಮತ್ತು ಚಿಕ್ಕಣ್ಣ. ನನ್ನನ್ನು ಮನೆಯ ಹಿಂದಿನ ಸರ್ಕಾರಿ ಶಾಲೆಗೆ ಹಾಕಿದಾಗ ಹೆಣ್ಣುಮಗುವಿಗೆ ಇಂಗ್ಲಿಷ್ ಏಕೆಂದು ಕೇಳಿದವರು ಅಪ್ಪ ಒಬ್ಬರೇ ಅಲ್ಲ.

ಹನ್ನೊಂದು ನಿಮಿಷ ಯಾರೂ ಬರೆಯಲಿಲ್ಲ. ಮೌನವನ್ನು ಮುರಿಯುವ ಕೆಲಸವನ್ನು ಎಂದಿನಂತೆ ಮಂಗಳೂರಿನ ತಮ್ಮ ವಹಿಸಿಕೊಂಡ.

ಮಂಗಳೂರಿನ ತಮ್ಮ: ನಾನೂ ಹನ್ನೆರಡು ವರ್ಷ ಅಂಥ ಶಾಲೆಯಲ್ಲೇ ಓದಿದವನು. ಕ್ಯಾಥೊಲಿಕ್ ಹುಡುಗರು ಕ್ಯಾಟಕಿಸಂ ತರಗತಿಗೆ ಎದ್ದು ಹೋದರೆ ಉಳಿದ ನಮಗೆ ಮಾರಲ್ ಸೈನ್ಸ್. ದಾರಿಯಲ್ಲಿ ಪರ್ಸು ಸಿಕ್ಕಿದರೆ ಏನು ಮಾಡುವೆ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತಿತ್ತು, ಪ್ರತಿವರ್ಷವೂ ಅದನ್ನು ಹೆಡ್‌ಮಾಸ್ಟರಿಗೆ ಒಪ್ಪಿಸಿದ್ದೇನೆ. ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಬಾರಿಸಿದಾಗ ಎಲ್ಲರೂ ಇದ್ದಲ್ಲೇ ಎದ್ದು ನಿಲ್ಲುತ್ತಿದ್ದೆವು. ಅವರು ಪ್ರಾರ್ಥಿಸುತ್ತಿದ್ದರು, ನಾವು ಬುತ್ತಿಯಲ್ಲಿ ಏನಿದೆಯೆಂದು ಊಹಿಸುತ್ತಿದ್ದೆವು. ಇದನ್ನೆಲ್ಲ ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯುವುದು, ಭಾವ?

ವಕೀಲ ಭಾವ: ಭಾರತದಲ್ಲಾದರೆ ಎಲ್ಲೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು 1963ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ಆರಂಭಿಸಿದ ಸಂಸ್ಥೆ. ಅಲ್ಲಿ ಹಿಂದೆ ಅವರದ್ದೇ ಪ್ರವೇಶ ಪರೀಕ್ಷೆ, ಸಂದರ್ಶನ ಇದ್ದವು. ಆಗ ಶಾಲೆಯ ಬಗ್ಗೆ ನಾಲ್ಕು ಮಾತಾಡಲು ಅವಕಾಶವಾದರೂ ಇತ್ತು ಎನ್ನಿ. ಈಗ ನೀಟ್ ಬಂದಿದೆ. ಪ್ರೊಟೆಸ್ಟಂಟರ ವೆಲ್ಲೂರು ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಇದರ ವಿರುದ್ಧ ಹೋರಾಡಿ, 2017ರಲ್ಲಿ ಎಂಬಿಬಿಎಸ್‌ನ ನೂರು ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿಕೊಂಡು ಉಳಿದವನ್ನು ಖಾಲಿ ಬಿಟ್ಟಿತು. ಆದರೆ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಕಾಲೇಜುಗಳಿಗೂ ನೀಟ್ ಅನ್ವಯವೆಂದು ಹೇಳಿತು. ಕ್ರೈಸ್ತರಿಗೆಂದು ಇಟ್ಟ ಸೀಟಿಗೆ ಬೇಕಾಗುವುದು ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ, ತಮ್ಮ ಚರ್ಚಿನ ಪಾದ್ರಿಗಳ ಪತ್ರ. ಹಿಂದೂ ಹುಡುಗ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕೂತರೂ ಅವು ಬರುವುದಿಲ್ಲ.

ಅತ್ತೆ: ಫಾರ್ವರ್ಡಿನಲ್ಲಿ ವಿದೇಶವೆಂದೂ ಇದೆ. ಅದನ್ನು ನೀವು ಓದಲೇ ಇಲ್ಲ.

ಇದು ನಿಜ. ಅದನ್ನು ಕೊನೆಯವರೆಗೆ ಓದಿದವರು ಅತ್ತೆ ಒಬ್ಬರೇ ಇರಬೇಕು.

ಶಿಕಾಗೊ ಅಕ್ಕ: ಅತ್ತೆ, ಇಲ್ಲಿಯೂ ಪ್ರತ್ಯೇಕ ಸೀಟಿಲ್ಲ, ಆದರೆ ಇಲ್ಲಿ ಬರೆದದ್ದಕ್ಕೆ ಬೆಲೆಯಿದೆ. ಎಲ್ಲ ಕಾಲೇಜುಗಳಿಗೂ ಹೋಗುವ ಮೊದಲ ಅರ್ಜಿಯಲ್ಲಿ ಪ್ರಬಂಧಕ್ಕೆ 5300 ಅಕ್ಷರಗಳ ಮಿತಿ, ಅದೂ ಖಾಲಿ ಜಾಗವನ್ನು ಸೇರಿಸಿ. ಆಮೇಲೆ ಪ್ರತಿಯೊಂದು ಕಾಲೇಜೂ ತನ್ನದೇ ಪ್ರಶ್ನೆಗಳನ್ನು ಕಳಿಸುತ್ತದೆ. ಪುಟ್ಟಿಯ ಪಟ್ಟಿಯಲ್ಲಿರುವ ಜಾರ್ಜ್‌ಟೌನ್, ಲೊಯೋಲ, ಕ್ರೈಟನ್, ಸೇಂಟ್ ಲೂಯಿಸ್ ನಾಲ್ಕೂ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಪರಂಪರೆಯವು. ಅಲ್ಲಿ ಕ್ಯಾಥೊಲಿಕ್ ಆಗಿರಬೇಕೆಂಬ ನಿಯಮವಿಲ್ಲ, ನಮ್ಮಂಥವರೂ ಬೇಕಾದಷ್ಟು ಜನ ಓದುತ್ತಾರೆ. ನಮ್ಮ ಕಾಲೇಜೇ ಏಕೆ, ಸೇವೆಯೆಂದರೆ ನಿನಗೇನು ಎಂದು ಕೇಳುತ್ತಾರೆ. 'ಕೂರಾ ಪರ್ಸೊನಾಲಿಸ್' ಎಂಬ ಲ್ಯಾಟಿನ್ ಮಾತೊಂದಿದೆ, ರೋಗವನ್ನಷ್ಟೇ ಅಲ್ಲ ಇಡೀ ಮನುಷ್ಯನನ್ನು ನೋಡಿಕೊಳ್ಳಬೇಕೆಂದು ಅದರ ಭಾವ. ಅರ್ಜಿ ಹಾಕುವ ಮಕ್ಕಳೆಲ್ಲ ಅದನ್ನೇ ಬರೆಯುತ್ತಾರೆ. ಓದುವವರಿಗೆ ಎಷ್ಟು ಸಾಕಾಗಿರಬೇಡ! ಪಟ್ಟಿಯಲ್ಲಿರುವ ಇನ್ನೊಂದು ಕ್ಯಾಲಿಫೋರ್ನಿಯಾದ ಲೋಮ ಲಿಂಡಾ. ಅದು ಕ್ಯಾಥೊಲಿಕ್ ಅಲ್ಲ, ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದವರದ್ದು. ಅವರಲ್ಲಿ ಬಹಳ ಮಂದಿ ಸಸ್ಯಾಹಾರಿಗಳು.

ದೊಡ್ಡಪ್ಪ: ಸಸ್ಯಾಹಾರವೆಂದಮೇಲೆ ಯೋಚನೆ ಏಕೆ? ಮಗು ಅಲ್ಲಿಗೇ ಸೇರಲಿ.

ವಕೀಲ ಭಾವ: ಮಾವ, ಅಲ್ಲಿ ಮದ್ಯ, ತಂಬಾಕು ಕೂಡದು. ಕಾಫಿಯನ್ನೂ ಆ ಪಂಥದವರು ಅಷ್ಟಾಗಿ ಮೆಚ್ಚುವುದಿಲ್ಲ.

ದೊಡ್ಡಪ್ಪ: ಕಾಫಿಯಿಲ್ಲದೆ ಮಗು ರಾತ್ರಿ ಓದುವುದು ಹೇಗೆ? ಆ ನಾಲ್ಕರಲ್ಲೇ ಒಂದಾಗಲಿ.

ಶಿಕಾಗೊ ಅಕ್ಕ: ಪುಟ್ಟಿ ಪಕ್ಕದಲ್ಲೇ ಕುಳಿತಿದ್ದಾಳೆ. ಅವಳು ಹೇಳುವುದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. "ಶಾಲೆಯ ಹೆಸರು ಅರ್ಜಿಯಲ್ಲಿ ಹೇಗೂ ಇರುತ್ತದೆ, ಅದನ್ನು ದಪ್ಪ ಮಾಡಿ ಪ್ರಯೋಜನವಿಲ್ಲ. ಹೈಸ್ಕೂಲಿನ ಸಂಗತಿಯನ್ನೇ ಉದ್ದಕ್ಕೆ ಬರೆದರೆ, ಮೆಡಿಕಲ್‌ಗೆ ಮೊದಲು ಓದುವ ಡಿಗ್ರಿ ಕಾಲೇಜಿನ ನಾಲ್ಕು ವರ್ಷ ಏನು ಮಾಡಿದೆ ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಸೇವೆಯ ಗಂಟೆಗಳು ಕಡ್ಡಾಯವಾಗಿದ್ದವು. ಶನಿವಾರ ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಅಜ್ಜನಿಗೆ ಸೂಪು ಕುಡಿಸಲು ಹೋದರೆ ಬಾಯಿ ಬಿಗಿಹಿಡಿಯುತ್ತಿದ್ದರು. ಮೂರನೆಯ ವಾರ ಚಮಚವನ್ನು ಅವರ ಕೈಯಲ್ಲಿಟ್ಟು, ಕೆಳಗಿನಿಂದ ಮಣಿಕಟ್ಟನ್ನು ಹಿಡಿದುಕೊಂಡೆ, ಅರ್ಧ ಸೂಪು ಅಂಗಿಯ ಮೇಲೆ ಚೆಲ್ಲಿತು, ಉಳಿದರ್ಧವನ್ನು ಕುಡಿದರು. ಶಾಲೆ ಕೇಳಿದ ಗಂಟೆಗಳು ಮುಗಿದಮೇಲೂ ಹೋದೆ, ಕಾಲೇಜಿಗೆ ಬಂದಮೇಲೂ ಹೋಗುತ್ತಿದ್ದೇನೆ. ಅದನ್ನು ಬರೆದಿದ್ದೇನೆ. ನಾನು ಕ್ಯಾಥೊಲಿಕ್ ಅಲ್ಲ, ಮನೆಯಲ್ಲಿ ಸಂಜೆ ದೀಪ ಹಚ್ಚುತ್ತೇವೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿದ್ದೇನೆ."

ದೊಡ್ಡಪ್ಪ: ಉಳಿದರ್ಧ ಎಂಬ ಸಂಧಿ ಸರಿಯಾಗಿದೆ.

ವಕೀಲ ಭಾವ: ಸಂದರ್ಶನದಲ್ಲಿ ಚರ್ಚಿಗೆ ಹೋಗುತ್ತೀಯಾ ಎಂದರೆ ಇಲ್ಲ ಎನ್ನಬಹುದು, ಅದು ಸುಲಭ. ಗರ್ಭಪಾತ, ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಕ್ಯಾಥೊಲಿಕ್ ಆಸ್ಪತ್ರೆಗಳು ಮಾಡುವುದಿಲ್ಲ. ರೋಗಿಯೇ ಬಂದು ಕೇಳಿದರೆ ಏನು ಹೇಳುವೆ ಎಂದಾಗ?

ಶಿಕಾಗೊ ಅಕ್ಕ: ಅದಕ್ಕೆ ಉತ್ತರವನ್ನು ಮೂರು ಸಲ ಬರೆದು ಮೂರು ಸಲ ಅಳಿಸಿದ್ದಾಳೆ. ಆಸ್ಪತ್ರೆಯ ನಿಯಮವನ್ನು ರೋಗಿಯಿಂದ ಮುಚ್ಚಿಡುವುದಿಲ್ಲ ಎಂಬಲ್ಲಿಗೆ ಈಗ ಬಂದು ನಿಂತಿದೆ.

ಮಂಗಳೂರಿನ ತಮ್ಮ: ನಮ್ಮ ಮಾರಲ್ ಸೈನ್ಸಿನಲ್ಲಿ ಇಷ್ಟು ಕಷ್ಟದ ಪ್ರಶ್ನೆ ಬರುತ್ತಿರಲಿಲ್ಲ.

ಮಧ್ಯಾಹ್ನದವರೆಗೆ ಗುಂಪು ತಣ್ಣಗಿತ್ತು. ಊಟದ ಹೊತ್ತಿಗೆ ಅತ್ತೆ ಮತ್ತೆ ಬಂದರು.

ಅತ್ತೆ: ಹಾಗಾದರೆ ಇಲ್ಲಿ ಶಾಲೆಯಿಂದ ಏನೂ ಸಿಗುವುದಿಲ್ಲವೆಂದು ನಿಮ್ಮ ಖಚಿತ ಅಭಿಪ್ರಾಯವೇ?

ವಕೀಲ ಭಾವ: ಸೀಟು ಸಿಗುವುದಿಲ್ಲ. ಏಕೆ ಕೇಳುತ್ತಿದ್ದೀರಿ?

ಅತ್ತೆ: ಮೊಮ್ಮಗನನ್ನು ಹೋದ ತಿಂಗಳು ಎಲ್‌ಕೆಜಿಗೆ ಅಂಥ ಶಾಲೆಗೇ ಸೇರಿಸಿದ್ದೇವೆ. ಕಟ್ಟಡ ನಿಧಿಗೆಂದು ಬೇರೆ ದುಡ್ಡು ಕಟ್ಟಿದ್ದೇವೆ.

ವಕೀಲ ಭಾವ: ರಸೀದಿ ಕೊಟ್ಟಿದ್ದಾರೆಯೇ?

ಅತ್ತೆ ಓದಿದ್ದಾರೆ, ಭಾವನ ಫೋನಿನಲ್ಲಿ ಎರಡು ನೀಲಿ ಗೆರೆಗಳು ಬಿದ್ದಿವೆಯಂತೆ.