ಸಾಲನ್ನು ಮಾತ್ರೆಗೆ ಹೊಂದಿಸಲಾ, ಮುಕ್ತಛಂದಕ್ಕೆ ಬಿಡಲಾ?

ಪ್ರಶ್ನೆ:
ಒಂದು ಪದ್ಯ ತಿದ್ದುತ್ತಾ ಕೂತಿದ್ದೇನೆ. ಮೊದಲ ಎರಡು ಸಾಲು ತಾವಾಗಿಯೇ ಐದು ಮಾತ್ರೆಯ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ನಾಲ್ಕು ಗಣಗಳಾಗಿ, ಅಂದರೆ ಗುಂಪುಗಳಾಗಿ, ಬಂದವು:

ಬಾಗಿಲನು ತೆರೆದಿಟ್ಟು ಮಲಗಿದೆನು ಇರುಳೆಲ್ಲ
ಮಳೆ ನಿಂತ ಮೇಲೆಯೂ ನೀನು ಬರಲೇ ಇಲ್ಲ

ಮೂರನೆಯದು ಲಯ ಬಿಟ್ಟು ಉದ್ದಕ್ಕೆ ಹೋಯಿತು:

ಬೆಳಗ್ಗೆ ನೋಡಿದರೆ ಅಂಗಳದ ಕೆಸರಲ್ಲಿ ಯಾರದೋ ಹೆಜ್ಜೆ, ಬಾಗಿಲವರೆಗೂ ಬಂದು ತಿರುಗಿ ಹೋದದ್ದು

20 ಮಾತ್ರೆಗೆ ಇಳಿಸಿದರೆ ‘ಅಂಗಳದ ಕೆಸರಲ್ಲಿ ಯಾರದೋ ಹೆಜ್ಜೆಗಳು’ ಆಗುತ್ತದೆ. ಲೆಕ್ಕ ಸರಿ. ಆದರೆ ಬಂದವರು ತಿರುಗಿ ಹೋದರು ಅನ್ನುವುದೇ ಬಿಟ್ಟುಹೋಗುತ್ತದೆ. ಆ ಮಾತಿಗಾಗಿಯೇ ನಾನು ಪದ್ಯ ಬರೆದದ್ದು. ಗಣ ಬಿಟ್ಟು ಎಲ್ಲವನ್ನೂ ಮಾತ್ರೆಯ ಲೆಕ್ಕವಿಲ್ಲದ ಮುಕ್ತಛಂದ ಮಾಡಿಬಿಡಲಾ?

ಉತ್ತರ 1:
ಮಾಡಿ. ಆದರೆ ಸಾಲು ಎಲ್ಲಿ ಮುರಿಯುತ್ತೀರಿ ನೋಡಿಕೊಳ್ಳಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಾಕ್ಯ ಮುಗಿದಲ್ಲೇ ಮುರಿಯುತ್ತಾ ಹೋದರೆ ಮಲಗಿದೆ, ನೋಡಿದೆ, ಕಾದೆ ಅಂತ ಎಲ್ಲ ಸಾಲೂ ಒಂದೇ ಥರ ಮುಗಿಯುತ್ತವೆ. ‘ನೀನು ಬರಲೇ’ ಅಂತ ಮುರಿದು, ‘ಇಲ್ಲ’ ಅನ್ನುವುದನ್ನು ಕೆಳಗಿಟ್ಟು ಓದಿ ನೋಡಿ.

ಉತ್ತರ 2:
ಗಣ ಬಿಡಬೇಡಿ. ‘ಇರುಳೆಲ್ಲ’, ‘ಬರಲೇ ಇಲ್ಲ’ ಎಷ್ಟು ಸಲೀಸಾಗಿ ಕೂತಿವೆ, ಅಲ್ವಾ? ಛಂದಸ್ಸು ಅಂದರೆ ಎಲ್ಲ ಸಾಲೂ ಒಂದೇ ಉದ್ದ ಇರಬೇಕು ಅಂತೇನಿಲ್ಲ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಸಾಲು ಬೆಳೆಯುತ್ತದೆ, ನಡೆ ತಪ್ಪುವುದಿಲ್ಲ. ನೀವು ಉಲ್ಟಾ ಮಾಡಿ, ನಾಲ್ಕನೇ ಸಾಲನ್ನು ಅರ್ಧಕ್ಕೇ ನಿಲ್ಲಿಸಿ:

ಅಂಗಳದ ಕೆಸರಲ್ಲಿ ಯಾರದೋ ಹೆಜ್ಜೆಗಳು
ಬಂದು ಹಿಂದಿರುಗಿದವು

‘ಬಂದು ಹಿಂ’, ‘ದಿರುಗಿದವು’. ಎರಡೇ ಗಣ, 10 ಮಾತ್ರೆ. ಕಿವಿ ಅಷ್ಟರಲ್ಲಿ 20ಕ್ಕೆ ಒಗ್ಗಿರುತ್ತದೆ, ಹಾಗಾಗಿ ಓದುವವರು ಅಲ್ಲಿ ತಾವಾಗಿಯೇ ತಡೆಯುತ್ತಾರೆ. ಆ ಜಾಗ ತುಂಬಿಸುವ ಆಸೆ ಖಂಡಿತ ಬರುತ್ತದೆ. ಪಾದಪೂರಣಕ್ಕೆ, ಅಂದರೆ ಬರೀ ಅಳತೆ ತುಂಬಿಸಲಿಕ್ಕೆ, ‘ತಾನು’, ‘ಅಂದು’ ಅಂತ ಸುಮ್ನೆ ತುರುಕಬೇಡಿ, ದಯವಿಟ್ಟು. ‘ಬೆಳಗ್ಗೆ ನೋಡಿದರೆ’ ಕೂಡ ಬೇಡ. ಹೆಜ್ಜೆ ಕಾಣುತ್ತಿದೆ ಅಂದ ಮೇಲೆ ಬೆಳಕಾಗಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಜೋರಾಗಿ ಓದಿ ನೋಡಿದೆ. ಕಿರಿದಾದ ಸಾಲೇ ಇರಲಿ. ಆದರೆ ಬಾಗಿಲು ನನಗೆ ಬೇಕೇ ಬೇಕು. ತೆರೆದ ಬಾಗಿಲಿನ ತನಕ ಬಂದೂ ಒಳಗೆ ಬರದೆ ಹೋದದ್ದು ಅದು. ‘ಬಾಗಿಲಿಗೆ’ ಸರಿಯಾಗಿ ಐದು ಮಾತ್ರೆ:

ಬಾಗಿಲಿಗೆ ಬಂದು ಹಿಂದಿರುಗಿದವು

ಮೂರು ಗಣವಾಯಿತು, ಒಂದು ಗಣದ ಜಾಗ ಖಾಲಿ. ಪದ್ಯದ ಮುಂದಿನ ನಾಲ್ಕು ಸಾಲಿನ ನುಡಿಯಲ್ಲಿ ಕೊನೆಯ ಸಾಲಿಗೂ ಇದೇ ಅಳತೆ ಇಟ್ಟು, ಬರೆದು ಇಲ್ಲೇ ಹಾಕುತ್ತೇನೆ.