ಮೂರು ತಿಂಗಳು ಕಬ್ಬಿಣದ ಪೈಪ್ ಬೀಸಿದೆ, ಬ್ಯಾಟಿನ ವೇಗ ಇಳಿದಿದೆ. ತಪ್ಪೆಲ್ಲಿ?

ಅಪ್ಪನಕೆರೆ_ಹುಡುಗ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಕಾಲೇಜು ತಂಡದಲ್ಲಿ ಬೇಸ್‌ಬಾಲ್ ಆಡುತ್ತೇನೆ. ನನ್ನದು 33 ಇಂಚಿನ ಬ್ಯಾಟ್, ತೂಕ 850 ಗ್ರಾಂ. ವೇಗ ಹೆಚ್ಚಲಿ ಎಂದು ಎರಡು ಕಿಲೋ ತೂಗುವ ಕಬ್ಬಿಣದ ಪೈಪನ್ನು ದಿನವೂ 150 ಸಲ ಬೀಸಿದೆ. ಪೈಪ್ ಇಟ್ಟು ಬ್ಯಾಟ್ ಹಿಡಿದರೆ ಹೂವಿನಂತೆ ಹಗುರ ಅನಿಸುತ್ತದೆ. ಆದರೆ ಅಳತೆ ಬೇರೆಯೇ ಹೇಳುತ್ತಿದೆ. ನನ್ನ ತಮ್ಮ ಮಾಳಿಗೆಯ ಮೇಲಿಂದ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ನಿಧಾನಗತಿಯಲ್ಲಿ ಚಿತ್ರೀಕರಿಸುತ್ತಾನೆ. ಬ್ಯಾಟಿನ ತುದಿಯಿಂದ 15 ಸೆಂ.ಮೀ. ಒಳಗೆ ಬಿಳಿ ಟೇಪ್ ಸುತ್ತಿದ್ದೇನೆ. ಜನವರಿಯಲ್ಲಿ ಆ ಟೇಪ್ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 11.5 ಸೆಂ.ಮೀ. ಸರಿಯುತ್ತಿತ್ತು, ಅಂದರೆ ಗಂಟೆಗೆ ಸುಮಾರು 99 ಕಿ.ಮೀ. ಈಗ 10.7 ಸೆಂ.ಮೀ., ಅಂದರೆ 92. ಇಷ್ಟು ಬೆವರು ಸುರಿಸಿ ಹಿಂದಕ್ಕೆ ಹೋದೆನೇ?

ಕೋಟೆಬೀದಿ (ಬೀದರ್):
ಮೊದಲು ಅಳತೆಯನ್ನೇ ಅನುಮಾನಿಸಿ. ಒಂದು ಚಿತ್ರದಲ್ಲಿ ಅರ್ಧ ಸೆಂ.ಮೀ. ತಪ್ಪಾಗಿ ಗುರುತಿಸಿದರೂ ಗಂಟೆಗೆ ನಾಲ್ಕು ಕಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಸಂಜೆ ಮಬ್ಬಿನಲ್ಲಿ ತೆಗೆದರೆ ಟೇಪ್ ಮಸುಕಾಗಿ ಇನ್ನೂ ಕೆಡುತ್ತದೆ. ಬೆಳಗಿನ ಬಿಸಿಲಿನಲ್ಲಿ ಹತ್ತು ಬೀಸು ತೆಗೆದು ಸರಾಸರಿ ನೋಡಿ.

ಇನ್ನು ಹೂವಿನಂತೆ ಹಗುರ ಅನಿಸುವುದು ಬರೀ ಭ್ರಮೆ. ಬ್ಯಾಟಿಗೆ ತೂಕದ ಬಳೆ ಸಿಕ್ಕಿಸಿ ಬೀಸಿ, ಅದನ್ನು ತೆಗೆದು ಆಡಿದವರ ಮೇಲೆ ಪ್ರಯೋಗಗಳು ನಡೆದಿವೆ. ವೇಗ ಹೆಚ್ಚಿದೆ ಎಂದು ಆಟಗಾರನಿಗೆ ಅನಿಸುತ್ತದೆ, ಉಪಕರಣ ಮಾತ್ರ ಕಡಿಮೆಯಾಗಿದೆ ಎನ್ನುತ್ತದೆ. ಎರಡು ಕಿಲೋ ಎಂದರೆ ನಿಮ್ಮ ಬ್ಯಾಟಿನ ಎರಡು ಪಟ್ಟಿಗೂ ಹೆಚ್ಚು. ಅದನ್ನು ಬೀಸುವಾಗ ಕೈಗಳು ದೇಹದಿಂದ ದೂರ ಸರಿದು ದೊಡ್ಡ ಸುತ್ತು ಹಾಕುತ್ತವೆ. ಅದೇ ದಾರಿ ದೇಹಕ್ಕೆ ರೂಢಿಯಾಗಿದೆ.

ಮಲ್ಲಗಂಬ_77 (ಕಲಬುರಗಿ):
ಪೈಪ್ ಬಿಡಿ, ಗರಡಿಗೆ ಹೋಗಿ ಗದೆ ತಿರುಗಿಸಿ. ಭುಜ ಕಬ್ಬಿಣವಾಗುತ್ತದೆ.

ನಿವೃತ್ತ_ಪಿಟಿ (ಯಾದಗಿರಿ):
ಮಲ್ಲಗಂಬದವರೇ, ಗದೆಯ ಮೇಲೆ ನನಗೂ ಭಕ್ತಿ ಇದೆ. ಭುಜಕ್ಕೆ ಒಳ್ಳೆಯದು. ಆದರೆ ಗದೆ ನಿಧಾನದ ಕಸರತ್ತು, ಈ ಹುಡುಗ ಕೇಳುತ್ತಿರುವುದು ವೇಗ.

ತಮ್ಮಾ, ನೀನು ಹಾಕಿದ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ಎಲ್ಲರೂ ಬ್ಯಾಟ್ ನೋಡುತ್ತಿದ್ದಾರೆ, ನಾನು ನಿನ್ನ ಕಾಲು ನೋಡಿದೆ. ಅಂಗಳಕ್ಕೆ ಹಾಸಿರುವುದು ಶಹಾಬಾದ್ ಕಲ್ಲು ತಾನೇ? ನಡೆದು ನಡೆದು ಕನ್ನಡಿಯಂತೆ ನುಣುಪಾಗಿದೆ. ಅದರ ಮೇಲೆ ಸಾದಾ ಕ್ಯಾನ್ವಾಸ್ ಬೂಟು. ಬ್ಯಾಟ್ ಚೆಂಡಿನ ಜಾಗಕ್ಕೆ ಬರುವ ಹೊತ್ತಿಗೆ ನಿನ್ನ ಮುಂದಿನ ಪಾದ ಮೂರು ಬೆರಳಿನಷ್ಟು ಜಾರುತ್ತಿದೆ, ಮೊಣಕಾಲು ಮಡಿಚಿಯೇ ಉಳಿಯುತ್ತಿದೆ.

ವೇಗ ಹುಟ್ಟುವುದು ನೆಲದಲ್ಲಿ. ಹಿಂದಿನ ಕಾಲು ತಳ್ಳುತ್ತದೆ, ಮುಂದಿನ ಕಾಲು ಗೂಟದಂತೆ ನಾಟಿ ತಡೆಯುತ್ತದೆ. ಆ ತಡೆಯಿಂದಲೇ ಸೊಂಟ ಗಿರ್ರನೆ ತಿರುಗುತ್ತದೆ, ಅದರ ಹಿಂದೆ ಎದೆ, ಆಮೇಲೆ ತೋಳು, ಕೊನೆಗೆ ಬ್ಯಾಟ್. ಓಡುತ್ತಿರುವ ಎತ್ತಿನ ಗಾಡಿ ಥಟ್ಟನೆ ನಿಂತರೆ ಮೇಲೆ ಕುಳಿತವನು ಮುಂದಕ್ಕೆ ಹಾರುವುದಿಲ್ಲವೇ, ಹಾಗೆ. ಜಾರುವ ಕಲ್ಲಿನ ಮೇಲೆ ಮೂರು ತಿಂಗಳು ಆಡಿದವನ ದೇಹ ಬೀಳುವ ಭಯಕ್ಕೆ ತಾನೇ ವೇಗ ತಗ್ಗಿಸುವುದನ್ನು ಕಲಿತುಬಿಡುತ್ತದೆ. ನನ್ನ ಲೆಕ್ಕದಲ್ಲಿ ಪೈಪಿಗಿಂತ ದೊಡ್ಡ ಅಪರಾಧಿ ಈ ಕಲ್ಲು.

ಈಗ ಮಾಡಬೇಕಾದದ್ದು ಇಷ್ಟು. ಅಂಗಳ ಬಿಟ್ಟು ಮಣ್ಣಿಗೆ ಹೋಗು, ಸ್ಟಡ್ ಇರುವ ಬೂಟು ಹಾಕಿಕೋ. ಪೈಪನ್ನು ನಿಮ್ಮ ತಾಯಿಗೆ ಬಟ್ಟೆ ಒಣಗಿಸಲು ಕೊಡು. ಪಂದ್ಯದ ಬ್ಯಾಟಿಗಿಂತ ಶೇ. 12ರ ಆಸುಪಾಸಿನಲ್ಲಿ ಹೆಚ್ಚು ಮತ್ತು ಕಡಿಮೆ ತೂಕದ ಬ್ಯಾಟ್‌ಗಳನ್ನು ಬೀಸಿದರೆ ವೇಗ ಹೆಚ್ಚುತ್ತದೆ ಎಂಬುದು 1990ರ ದಶಕದಿಂದಲೇ ಪ್ರಯೋಗಗಳಲ್ಲಿ ಕಂಡ ವಿಷಯ. ನಿನಗೆ ಅದು 750 ಮತ್ತು 950 ಗ್ರಾಂ. ಭಾರದ್ದಕ್ಕೆ ಹಳೆಯ ಬ್ಯಾಟಿಗೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತು, ಅದರಿಂದ ಚೆಂಡು ಹೊಡೆಯಬೇಡ. ಹಗುರಕ್ಕೆ ಚಿಕ್ಕವನಿದ್ದಾಗಿನ ಬ್ಯಾಟ್ ಇದ್ದರೆ ಅದೇ ಸಾಕು. ವಾರಕ್ಕೆ ಮೂರು ದಿನ, ಭಾರ, ಹಗುರ, ನಿನ್ನದು, ಐದೈದು ಬೀಸು, ಹೀಗೆ ಮೂರು ಸುತ್ತು. ಪ್ರತಿ ಬೀಸಿನ ನಂತರ ಉಸಿರು ಸರಿಹೋಗುವವರೆಗೆ ನಿಲ್ಲು. ದಣಿದವನು 150 ಸಲ ಬೀಸಿದರೆ ನಿಧಾನವಾಗಿ ಬೀಸುವುದನ್ನು 150 ಸಲ ಕಲಿತಂತೆ. ಬೆನ್ನು, ಮಣಿಕಟ್ಟು ನೋಯುತ್ತಿದ್ದರೆ ಆ ದಿನ ಬಿಡು. ನಮ್ಮ ಕಡೆಯ ಬಿಸಿಲು ನಿನಗೆ ಹೇಳಬೇಕಿಲ್ಲ, ಬೆಳಗ್ಗೆ ಏಳರೊಳಗೆ ಮುಗಿಸು.

ಅಪ್ಪನಕೆರೆ_ಹುಡುಗ:
ಸರ್, ಶಹಾಬಾದ್ ಕಲ್ಲೇ ಹೌದು. ನನಗೆ ಹೊಳೆದೇ ಇರಲಿಲ್ಲ. ಒಂದು ಸಂಶಯ. ಗಂಟೆಗೆ ಐದಾರು ಕಿ.ಮೀ. ಹೆಚ್ಚಿದರೆ ಆಟದಲ್ಲಿ ಏನಾದರೂ ಕಾಣುತ್ತದೆಯೇ?

ಕೋಟೆಬೀದಿ:
ಕಾಣುತ್ತದೆ. ನೇರವಾಗಿ ತಗುಲಿದ ಚೆಂಡಿನ ಲೆಕ್ಕ ಹೀಗೆ: ಬ್ಯಾಟಿನ ವೇಗ ಗಂಟೆಗೆ ಒಂದು ಕಿ.ಮೀ. ಹೆಚ್ಚಿದರೆ ಚೆಂಡು ಹೊರಡುವ ವೇಗ ಸುಮಾರು 1.2 ಕಿ.ಮೀ. ಹೆಚ್ಚುತ್ತದೆ. ಪಿಚರ್ (ಚೆಂಡು ಎಸೆಯುವವನು) ಎಸೆತದ ವೇಗ ಒಂದು ಹೆಚ್ಚಿದರೆ ಸಿಗುವುದು ಬರೀ 0.2.

ಆದರೆ ಅಂಕಿಯ ಹುಚ್ಚು ಹಿಡಿಸಿಕೊಳ್ಳಬೇಡಿ. ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್ 2024ರಿಂದ ಬ್ಯಾಟಿನ ವೇಗವನ್ನು ಪ್ರಕಟಿಸುತ್ತಿದೆ. ಅಲ್ಲಿನ ಸರಾಸರಿ ಗಂಟೆಗೆ ಸುಮಾರು 115 ಕಿ.ಮೀ., ಬಲು ವೇಗವಾಗಿ ಬೀಸುವ ಆಟಗಾರ ಜಿಯಾನ್‌ಕಾರ್ಲೊ ಸ್ಟಾಂಟನ್ 130ರ ಆಸುಪಾಸು. ಅಲ್ಲಿನ ಇನ್ನೊಬ್ಬ ಆಟಗಾರ ಲೂಯಿಸ್ ಅರಾಯೆಜ್ ಅವರ ಬ್ಯಾಟ್ ಮಾತ್ರ ಸುಮಾರು 100ರಲ್ಲೇ ಓಡುತ್ತದೆ, ಹೆಚ್ಚುಕಡಿಮೆ ನಿಮ್ಮ ಜನವರಿಯ ವೇಗ. ಅದೇ ಮನುಷ್ಯ 2022, 2023, 2024ರಲ್ಲಿ ಸತತವಾಗಿ, ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ತಾನು ಆಡಿದ ವಿಭಾಗದ ಬ್ಯಾಟಿಂಗ್ ಸರಾಸರಿಯ ಪ್ರಶಸ್ತಿ ಗೆದ್ದಿದ್ದಾರೆ.

ಅಪ್ಪನಕೆರೆ_ಹುಡುಗ (ಏಳು ವಾರಗಳ ನಂತರ):
ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬ್ಯಾಟ್ ತೂಗಿಸಿದಾಗ ಅಂಗಡಿಯವರು ತೊಗರಿ ಬೇಳೆಯ ಚೀಲ ಪಕ್ಕಕ್ಕೆ ಸರಿಸಿ ವಿಚಿತ್ರವಾಗಿ ನೋಡಿದರು. ಟ್ಯೂಬ್ ಸುತ್ತಿದ್ದು 955 ಗ್ರಾಂ, ಹಳೆಯ ಚಿಕ್ಕ ಬ್ಯಾಟ್ 740.

ಸರ್ ಹೇಳಿದ್ದನ್ನು ಪರೀಕ್ಷಿಸಲು ಮೊದಲ ದಿನವೇ ಕಲ್ಲಿನ ಮೇಲೆ ಹತ್ತು, ಮಣ್ಣಿನ ಮೇಲೆ ಹತ್ತು ಬೀಸು ತೆಗೆದೆ. ಬೇರೇನೂ ಬದಲಿಸದೆ ಸರಾಸರಿ 92ರಿಂದ 96ಕ್ಕೆ ಹೋಯಿತು. ನಿನ್ನೆಯ ಹತ್ತು ಬೀಸಿನ ಸರಾಸರಿ 103. ಮೊದಲ ಎರಡು ವಾರ ದಿನಕ್ಕೆ 45 ಬೀಸು ಎಂದರೆ ಮೋಸ ಮಾಡಿದಂತೆ ಅನಿಸುತ್ತಿತ್ತು, ಈಗ ಇಲ್ಲ. ಬಾಗುವ ಎಸೆತಕ್ಕೆ ಇನ್ನೂ ಬೇಗನೆ ಬೀಸಿ ಔಟಾಗುತ್ತಿದ್ದೇನೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ. ಪೈಪ್ ಮಾಳಿಗೆಯ ಮೇಲೆ ಬಟ್ಟೆ ಹೊತ್ತು ನಿಂತಿದೆ ಸರ್.

ನಿವೃತ್ತ_ಪಿಟಿ:
ಸಂತೋಷ. ಬಾಗುವ ಎಸೆತದ ವಿಡಿಯೊ ಹಾಕುವಾಗ ಕಾಲು ಕಾಣುವಂತೆ ಪಕ್ಕದಿಂದ ತೆಗೆಸು, ಮಾಳಿಗೆಯಿಂದ ಬೇಡ.